ಜಯಮ್ಮನ ಕೈಯೂ ನನ್ನ ರಸಾಯನಶಾಸ್ತ್ರವೂ

ಕ್ರೀಮಿನ ಟ್ಯೂಬಿನ ಬೆನ್ನಮೇಲೆ ಇರುವೆಸಾಲಿನಂತೆ ಅಚ್ಚಾಗಿರುವ ಪುಟ್ಟ ಅಕ್ಷರಗಳನ್ನು ಓದುವ ಚಟ ನನಗಿದೆ. ಅರಸೀಕೆರೆಯಿಂದ ಹಳೇಬೀಡಿನ ಕಡೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ನಾನು, ಕಿಟಕಿಯ ಸೀಟು ಸಿಕ್ಕ ದಿನ ತೆಂಗಿನ ತೋಟಗಳನ್ನು ನೋಡುತ್ತೇನೆ. ಸಿಗದ ದಿನ ಚೀಲದಿಂದ ಟ್ಯೂಬನ್ನು ತೆಗೆದು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಗ್ಲಿಸರಿನ್, ಪ್ಯಾರಫಿನ್, ಡೈಮೆಥಿಕೋನ್ ಎಂದು ತುಟಿ ಅಲುಗಿಸುತ್ತೇನೆ. ಹಾರನಹಳ್ಳಿಯಲ್ಲಿ ಹತ್ತಿದ ಅಜ್ಜಿಯೊಬ್ಬರು ಒಮ್ಮೆ ನಾನು ಪಾರಾಯಣದಲ್ಲಿದ್ದೇನೆಂದು ಭಾವಿಸಿ, ಮುಗಿಯುವ ತನಕ ಕಾದು, ಆಮೇಲೆ ಭಕ್ತಿಯಿಂದ, "ಯಾವ ದೇವ್ರದು ತಾಯಿ ಇದು?" ಎಂದು ಕೇಳಿದ್ದರು. ಚರ್ಮದ ದೇವರದು ಎಂದು ಹೇಳಬಹುದಿತ್ತು. ಧೈರ್ಯ ಸಾಲದೆ ಸುಮ್ಮನೆ ನಕ್ಕೆ.

ಧೈರ್ಯ ಸಾಲದ ಈ ಸ್ವಭಾವವೇ ಮುಂದೆ ಒಬ್ಬರ ಕೈಯನ್ನು ಸುಟ್ಟಿತು. ಅದನ್ನು ಹೇಳುವುದಕ್ಕೆ ಮುಂಚೆ ನನ್ನ ಚರ್ಮದ ವಿಚಾರ ಎರಡು ಮಾತು. ತಂದೆಯವರಿಂದ ನನಗೆ ಬಂದ ಪಿತ್ರಾರ್ಜಿತ ಆಸ್ತಿಯೆಂದರೆ ಇದೊಂದೇ: ಒಣಕಲು, ಬಿಳಿಚು, ಚಳಿಗಾಲ ಬಂತೆಂದರೆ ಹೊಟ್ಟು ಉದುರಿಸುವ ಚರ್ಮ. ಚಿಕ್ಕಂದಿನಲ್ಲಿ ನನ್ನ ತಂಗಿ ನನ್ನ ಮೊಣಕಾಲಿನ ಕೆಳಗೆ ಉಗುರಿನಿಂದ ಗೀರಿ ಮಗ್ಗಿ ಬರೆಯುತ್ತಿದ್ದಳು. ಅಂಕಿಗಳು ಸ್ಲೇಟಿನ ಮೇಲಿಗಿಂತ ಸ್ಫುಟವಾಗಿ ಮೂಡುತ್ತಿದ್ದವು. ಇಂಥ ಚರ್ಮದವಳು ರಸಾಯನಶಾಸ್ತ್ರ ಓದಿ, ಸರ್ಕಾರಿ ಪ್ರೌಢಶಾಲೆಯೊಂದರ ವಿಜ್ಞಾನದ ಟೀಚರಾಗಿ, ತೆಂಗಿನ ಸೀಮೆಯ ಮನೆಯೊಂದಕ್ಕೆ ಸೊಸೆಯಾಗಿ ಬಂದಳು.

ನಮ್ಮೂರಿನಲ್ಲಿ ಕೊಬ್ಬರಿ ಎಣ್ಣೆ ಒಗ್ಗುವುದಿಲ್ಲ ಎನ್ನುವುದು ಸ್ವಧರ್ಮದ್ರೋಹಕ್ಕೆ ಸಮಾನ. ನನ್ನ ಗಂಡನ ಅಕ್ಕ ಕಮಲತ್ತಿಗೆ, ನಮ್ಮಿಂದ ಎರಡು ಬೀದಿ ಆಚೆಗಿರುವವರು, ಕೊಬ್ಬರಿ ಎಣ್ಣೆಗೆ ಅರಿಶಿನ, ಅರೆದ ಬೇವಿನ ಸೊಪ್ಪು ಮತ್ತು ಧಾರಾಳವಾಗಿ ನಿಂಬೆರಸ ಸೇರಿಸಿ ಒಂದು ಲೇಪ ಮಾಡಿ, ಹನ್ನೆರಡು ವರ್ಷಗಳಿಂದ ಬಂಧುಬಳಗಕ್ಕೆಲ್ಲ ಪ್ರೀತಿಯಿಂದ ಹಂಚುತ್ತಾರೆ. "ಕೆಮಿಕಲ್ ಇಲ್ಲದ್ದು ಕಣೇ ವಿಮಲಾ" ಎಂಬುದು ಅವರ ಬಾಯಲ್ಲಿ ಅತ್ಯುಚ್ಚ ಪ್ರಶಂಸೆ. ಮದುವೆ ಮನೆಯಲ್ಲಿ ಬಾಳೆಹಣ್ಣಿನ ರಸಾಯನವನ್ನು ಎರಡು ಸಲ ಹಾಕಿಸಿಕೊಳ್ಳುವ ಜನ ರಾಸಾಯನಿಕ ಎಂದ ಕೂಡಲೇ ಏಕೆ ಬೆಚ್ಚುತ್ತಾರೋ ನನಗೆ ತಿಳಿಯದು. ಸಂಸ್ಕೃತದಲ್ಲಿ ಸ್ನೇಹವೆಂದರೆ ಜಿಡ್ಡೂ ಹೌದು, ಒಲವೂ ಹೌದು. ಅತ್ತಿಗೆಯ ಲೇಪದಲ್ಲಿ ಎರಡೂ ಇದ್ದವು. ಆದರೆ ನನ್ನ ಚರ್ಮ ಅದರಲ್ಲಿ ನಿಂಬೆರಸವನ್ನು ಮಾತ್ರ ಗುರುತಿಸಿ ಉರಿಯುತ್ತಿತ್ತು. ಹಾಗೆಂದು ಹೇಳಿದೆನೇ? ಇಲ್ಲ. ಲೇಪದ ಬಾಟಲಿಯನ್ನು ಕಪಾಟಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟು, ನನ್ನ ಟ್ಯೂಬನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು, ಆ ಹನ್ನೆರಡು ವರ್ಷವೂ ಕಳ್ಳಿಯಂತೆ ಹಚ್ಚಿಕೊಂಡೆ.

ಜಯಮ್ಮ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ಬಸ್ತಿಹಳ್ಳಿಯಿಂದ ನಡೆದೇ ಬರುತ್ತಾರೆ. ಎಂಟು ವರ್ಷಗಳಿಂದ ಬೇಯಿಸುವುದು, ಬಡಿಸುವುದು, ದೊಡ್ಡ ದೊಡ್ಡ ಪಾತ್ರೆಗಳನ್ನು ಪುಡಿ ಹಾಕಿ ಉಜ್ಜುವುದು ಎಲ್ಲ ಅವರ ಎರಡು ಕೈಗಳದ್ದೇ ಕೆಲಸ. ಸಹಾಯಕ್ಕಿರುವ ಇನ್ನೊಬ್ಬಾಕೆ ತರಕಾರಿ ಹೆಚ್ಚಿಕೊಡುತ್ತಾರೆ. ಕಳೆದ ಚಳಿಗಾಲದ ಒಂದು ಮಧ್ಯಾಹ್ನ ನನ್ನ ತಟ್ಟೆಗೆ ಸಾರು ಬಿಡುವಾಗ ಆ ಕೈ ಕಣ್ಣಿಗೆ ಬಿತ್ತು. ಗೆಣ್ಣುಗಳು ಬಿರಿದಿದ್ದವು, ಬೆರಳ ತುದಿಗಳಲ್ಲಿ ಕೆಂಪು ಸೀಳು.

"ಏನು ಜಯಮ್ಮ ಇದು?"

"ಏನಿಲ್ಲ ಬುಡಿ ಮೇಡಮ್ಮೋರೆ. ಚಳಿಗೆ ಒಡ್ದೈತೆ."

ಮಾರನೆಯ ದಿನ ನಾನೊಂದು ಬಾಟಲಿ ತಂದುಕೊಟ್ಟೆ. ಯಾವ ಬಾಟಲಿಯೆಂದು ಓದುಗರು ಊಹಿಸಿರಬಹುದು. ಅಕ್ಕಿ ಡಬ್ಬದ ಹಿಂದಿನದಲ್ಲ, ಕಪಾಟಿನದು. ನಾನು ಸ್ವತಃ ಹಚ್ಚಿಕೊಳ್ಳದ ಅತ್ತಿಗೆಯ ಲೇಪವನ್ನು ಏಕೆ ಕೊಟ್ಟೆನೆಂದರೆ, ಅದು ಮನೆಯಲ್ಲಿ ಹೇರಳವಾಗಿತ್ತು, ಮತ್ತು ಅದನ್ನು ಕೊಡುವವಳು ಒಳ್ಳೆಯವಳಾಗಿ ಕಾಣುತ್ತಾಳೆ. "ಕೆಮಿಕಲ್ ಇಲ್ಲ, ಧೈರ್ಯವಾಗಿ ಹಚ್ಚಿ" ಎಂದು ಬೇರೆ ಹೇಳಿದೆ. ಬೆಳಿಗ್ಗೆಯಷ್ಟೇ ಮಕ್ಕಳಿಗೆ ಆಮ್ಲಗಳ ಪಾಠ ಮಾಡಿ, ನಿಂಬೆರಸದಲ್ಲಿರುವುದು ಸಿಟ್ರಿಕ್ ಆಮ್ಲ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದಿದ್ದವಳು ನಾನು.

ಜಯಮ್ಮ ಹತ್ತು ದಿನ ನಿಷ್ಠೆಯಿಂದ ಹಚ್ಚಿದರು. ಕೈ ಊದಿ, ನೀರು ಜಿನುಗಿ, ಬೆರಳು ಮಡಿಸಲಾಗದಂತಾಯಿತು. ಬಡಿಸುವಾಗ ಅದನ್ನು ಕಂಡ ತಾಯಿಯೊಬ್ಬರು ಊರಲ್ಲಿ ಯಾವುದೋ ಘೋರ ರೋಗದ ಹೆಸರು ಹೇಳಿದರು. ಎರಡೇ ದಿನದಲ್ಲಿ ಆ ಹೆಸರು ಎಲ್ಲ ಮನೆ ಸುತ್ತಿ ಶಾಲೆಯ ಉಸ್ತುವಾರಿ ಸಮಿತಿಯ ಅಧ್ಯಕ್ಷರನ್ನು ತಲುಪಿತು. ಅವರು ಹೆಡ್‌ಮಾಸ್ಟರಿಗೆ ಫೋನು ಮಾಡಿ, ಶನಿವಾರ ಸಭೆ, ಸೋಮವಾರದಿಂದ ಬೇರೆ ಅಡುಗೆಯವರು ಎಂದುಬಿಟ್ಟರು.

ನಾನು ಅಡುಗೆಕೋಣೆಗೆ ಓಡಿದೆ. ಜಯಮ್ಮ ಒಲೆಯಿಂದ ದೂರ, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದರು.

"ಉರೀತಿದೆ ಅಂತ ಒಂದು ಮಾತು ಹೇಳಬಾರದಿತ್ತೇ ಜಯಮ್ಮ?"

"ನೀವು ಕೊಟ್ಟಿದ್ದಲ್ವರಾ? ಹೆಂಗ್ ಹೇಳಾದು? ಉರುದ್ರೆ ಒಳ್ಳೇದು, ಒಳಗಿರಾದು ಸಾಯ್ತೈತೆ ಅಂತ ತಡ್ಕಂಡೆ."

ನಾನು ಅತ್ತಿಗೆಗೆ ಹೇಳದೆ ತಡೆದುಕೊಂಡಿದ್ದಕ್ಕೂ, ಜಯಮ್ಮ ನನಗೆ ಹೇಳದೆ ತಡೆದುಕೊಂಡಿದ್ದಕ್ಕೂ ಕಾರಣ ಒಂದೇ ಜಾತಿಯದು. ಆದರೆ ನನಗೆ ಬಚ್ಚಿಟ್ಟ ಟ್ಯೂಬಿತ್ತು, ಅವರಿಗೆ ಇರಲಿಲ್ಲ. ಆ ಕ್ಷಣ ನನ್ನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ, ಆರುವುದೂ ಬೇಡ.

ಗುರುವಾರ ರಜೆ ಹಾಕಿ, ಹಗರೆಯ ಮಾರ್ಗವಾಗಿ ಹಾಸನಕ್ಕೆ ಹೋಗುವ ಬಸ್ಸು ಹಿಡಿದು, ಜಯಮ್ಮನನ್ನು ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಜಯಮ್ಮನ ಕೈಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಅಂಟೋ ರೋಗ ಅಲ್ಲವೇ ಅಲ್ಲ. ನೀರು, ಪಾತ್ರೆ ಪುಡಿ ಸೇರಿ ಚರ್ಮದ ಜಿಡ್ಡನ್ನೆಲ್ಲ ತೊಳೆದುಹಾಕಿದೆ. ಸರಿ, ಈ ಒಡೆದ ಕೈಗೆ ಹುಳಿ ಏನೋ ಬಿದ್ದಿದೆಯಲ್ಲ, ಏನು ಹಚ್ಚಿದಿರಿ?" ಎಂದರು.

"ನಿಂಬೆರಸ ಸೇರ್ಸಿದ್ ಎಣ್ಣೆ. ನಾನೇ ಹಚ್ಕಂಡೆ ಕಣಮ್ಮ" ಎಂದರು ಜಯಮ್ಮ, ನನ್ನ ಕಡೆ ನೋಡದೆ.

"ಇಲ್ಲ ಡಾಕ್ಟ್ರೇ, ಅದನ್ನು ನಾನು ಕೊಟ್ಟಿದ್ದು."

"ನೀವು ಏನು ಕೆಲಸ ಮಾಡ್ತೀರಿ?"

"ಸೈನ್ಸ್ ಟೀಚರ್."

ಡಾಕ್ಟರು ತಲೆ ತಗ್ಗಿಸಿ ಬಹಳ ಹೊತ್ತು ಚೀಟಿ ಬರೆದರು. ನನ್ನ ಇಪ್ಪತ್ತೇಳು ವರ್ಷಗಳ ಸರ್ವಿಸಿನಲ್ಲಿ ಯಾವ ಇನ್ಸ್‌ಪೆಕ್ಟರೂ ನನ್ನನ್ನು ಅಷ್ಟು ಪರಿಪೂರ್ಣವಾಗಿ ತಪಾಸಣೆ ಮಾಡಿರಲಿಲ್ಲ. ಉಳಿದಿದ್ದ ಮಾನವನ್ನಾದರೂ ಕಾಪಾಡಿಕೊಳ್ಳೋಣವೆಂದು ಚೀಲದಿಂದ ನನ್ನ ಟ್ಯೂಬು ತೆಗೆದು, ಇದನ್ನು ಕೊಡಬಹುದೇ ಎಂದೆ. ಅವರು ಹಿಂದೆ ಮುಂದೆ ತಿರುಗಿಸಿ, "ಇದರಲ್ಲಿ ಪರಿಮಳ ಹಾಕಿದಾರೆ. ನಿಮ್ಮ ಕಾಲಿಗೆ ಸರಿ, ಒಡೆದ ಕೈಗೆ ಇದೂ ಉರಿಯುತ್ತೆ" ಎಂದು ವಾಪಸು ಕೊಟ್ಟರು. ಲ್ಯಾಬಿನಲ್ಲಿ ಹುಟ್ಟಿದ್ದೆಲ್ಲ ಅಮೃತ ಎಂದು ನಾನು ಕಟ್ಟಿಕೊಳ್ಳಬಹುದಾಗಿದ್ದ ಇನ್ನೊಂದು ಮೂಢನಂಬಿಕೆಯೂ ಅಲ್ಲೇ ಕೊನೆಯಾಯಿತು.

ಕೆಲವೇ ದಿನ ಹಚ್ಚಬೇಕಾದ ಒಂದು ಮುಲಾಮು. ಪರಿಮಳವಿಲ್ಲದ, ಗ್ಲಿಸರಿನ್ನೂ ಪ್ಯಾರಫಿನ್ನೂ ಇರುವ ಒಂದು ಕ್ರೀಮು. ದಿನಕ್ಕೆ ಎಷ್ಟು ಸಲವಾದರೂ ಬಳಿಯಬಹುದಾದ ಪೆಟ್ರೋಲಿಯಂ ಜೆಲ್ಲಿ. ಹತ್ತಿಯ ಗ್ಲೌಸು, ಅದರ ಮೇಲೆ ರಬ್ಬರಿನದು. ಮೂರು ವಾರ ಪಾತ್ರೆ ತೊಳೆಯಕೂಡದು. ಜೊತೆಗೆ ದಪ್ಪಗಟ್ಟಿದ ಹಿಮ್ಮಡಿಗೆ ಬೇರೊಂದು ಟ್ಯೂಬು. ಅಂಟುರೋಗವಲ್ಲವೆಂದು ಸಮಿತಿಗೆ ಒಂದು ಪತ್ರವನ್ನೂ ಬರೆದುಕೊಟ್ಟರು.

ಹಿಂತಿರುಗುವ ಬಸ್ಸಿನಲ್ಲಿ ಜಯಮ್ಮ ಪ್ರತಿಯೊಂದರ ಮೇಲೂ ಏನು ಬರೆದಿದೆಯೆಂದು ಓದಿಸಿ ಕೇಳಿದರು. ಹಿಮ್ಮಡಿಯ ಟ್ಯೂಬಿನಲ್ಲಿ ಯೂರಿಯಾ ಎಂದು ಬಂದದ್ದೇ ತಡ, ನನ್ನ ಮೊಣಕೈ ಹಿಡಿದು ನಿಲ್ಲಿಸಿದರು.

"ಯೂರಿಯಾ ಅಂದ್ರೆ ರಾಗಿ ಹೊಲಕ್ಕೆ ಎರಚಾದಲ್ವರಾ? ನನ್ನ ಹಿಮ್ಮಡೀಲಿ ಏನ್ ಬೆಳೀಬೇಕು ಅಂತವ್ರೆ ಆ ಡಾಕ್ಟ್ರಮ್ಮ?"

ಸುತ್ತ ಕೂತವರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ, ಎಂದೋ ಮಾಡಬೇಕಾಗಿದ್ದ ಪಾಠವನ್ನು ಅಲ್ಲಿ ಮಾಡಿದೆ. ಯೂರಿಯಾ ನಮ್ಮ ಚರ್ಮದಲ್ಲೇ ಇರುವಂಥದ್ದು, ನೀರನ್ನು ಹಿಡಿದಿಟ್ಟು ಮೆದುಮಾಡುವುದು ಅದರ ಕೆಲಸ. ಕಾರ್ಖಾನೆಯಲ್ಲಿ ಶುದ್ಧಮಾಡಿ ಕ್ರೀಮಿಗೆ ಸೇರಿಸಿದ ಯೂರಿಯಾಕ್ಕೂ ಮೈಯೊಳಗಿನದಕ್ಕೂ ರಚನೆಯಲ್ಲಿ ಕೂದಲೆಳೆಯ ಭೇದವೂ ಇಲ್ಲ, ಚರ್ಮ ಯಾರ ಜಾತಕವನ್ನೂ ಕೇಳುವುದಿಲ್ಲ. ಆದರೆ ಹೊಲದ ಮೂಟೆಗೆ ಕೈ ಹಾಕಬೇಡಿ, ಬಿರುಕು ಬಿಟ್ಟ ಜಾಗಕ್ಕೆ ಈ ಟ್ಯೂಬೂ ಬೇಡ ಎಂದೆ. ಗ್ಲಿಸರಿನ್ ನೀರನ್ನು ಎಳೆದು ತಂದು ಕೂರಿಸುತ್ತದೆ. ಜೆಲ್ಲಿ ತಾನಾಗಿ ನೀರು ಕೊಡುವುದಿಲ್ಲ, ಇರುವುದು ಆರಿಹೋಗದಂತೆ ಮೇಲೆ ಕೂರುತ್ತದೆ ಎಂದೂ ಹೇಳಿದೆ.

"ಅನ್ನ ಬಸ್ದು ತಟ್ಟೆ ಮುಚ್ಚಾಹಂಗೆ" ಎಂದರು ಜಯಮ್ಮ.

ಇಪ್ಪತ್ತೇಳು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಉತ್ತರ ಕೊಟ್ಟ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.

ಸುದ್ದಿ ನನಗಿಂತ ಮೊದಲು ಅರಸೀಕೆರೆ ಸೇರಿತ್ತೋ ಏನೋ, ಶುಕ್ರವಾರ ಸಂಜೆ ಕಮಲತ್ತಿಗೆ ಬಂದರು. "ಪೆಟ್ರೋಲ್ ತೆಗೆಯೋ ಬಾವಿಯ ಜಿಡ್ಡನ್ನ ಆ ಬಡಪಾಯಿ ಕೈಗೆ ಹಚ್ಚಿಸ್ತಿದೀಯಂತಲ್ಲೇ. ದೇವರು ಮೆಚ್ತಾನೇನೇ?" ನಾನು ಎದ್ದು ಅಡುಗೆಮನೆಗೆ ಹೋಗಿ, ಅಕ್ಕಿ ಡಬ್ಬವನ್ನು ಸರಿಸಿ, ಹಿಂದೆ ಇದ್ದ ಹಳೆಯದು ಹೊಸದು ಮೂರು ಟ್ಯೂಬುಗಳನ್ನು ತಂದು ಅವರ ಕಾಫಿ ಲೋಟದ ಪಕ್ಕದಲ್ಲಿ ಇಟ್ಟೆ.

"ಅತ್ತಿಗೆ, ಹನ್ನೆರಡು ವರ್ಷದಿಂದ ನಾನು ಹಚ್ಕೊಳ್ಳೋದು ಇದನ್ನೇ. ನಿಮ್ಮ ಲೇಪ ನನಗೆ ಉರಿಯುತ್ತೆ. ಹೇಳೋ ಧೈರ್ಯ ಇರಲಿಲ್ಲ. ಉರಿಯುತ್ತೆ ಅಂತ ಗೊತ್ತಿದ್ದೂ ಅದನ್ನ ಜಯಮ್ಮನಿಗೆ ಕೊಟ್ಟೆ. ದೇವರು ಮೆಚ್ಚದೆ ಇರೋದು ಅದನ್ನ."

ಅತ್ತಿಗೆ ಕಾಫಿ ಮುಗಿಸದೆ ಎದ್ದುಹೋದರು. ನನಗೆ ಹಗುರವೆನಿಸಿತು. ಎರಡು ತಿಂಗಳು ನಮ್ಮಲ್ಲಿ ಮಾತಿರಲಿಲ್ಲ. ಈಗ ಲೇಪಕ್ಕೆ ನಿಂಬೆರಸ ಹಾಕುವುದನ್ನು ಬಿಟ್ಟಿದ್ದಾರಂತೆ. ಕೇಳಿದವರಿಗೆ, ಒಳ್ಳೆ ನಿಂಬೆಹಣ್ಣೇ ಸಿಗುತ್ತಿಲ್ಲ ಎನ್ನುತ್ತಾರಂತೆ. ಇರಲಿ. ಒಡೆಯದ ಚರ್ಮಕ್ಕೆ ಬರೀ ಕೊಬ್ಬರಿ ಎಣ್ಣೆ ಒಳ್ಳೆಯದೇ. ನನ್ನ ಜಗಳ ಎಣ್ಣೆಯ ಜೊತೆಗಲ್ಲ.

ಶನಿವಾರದ ಸಭೆಯಲ್ಲಿ ಅಧ್ಯಕ್ಷರು ಡಾಕ್ಟರ ಪತ್ರವನ್ನು ಎರಡು ಸಲ ಓದಿದರು. ಜಯಮ್ಮ ಬಾಗಿಲ ಹೊರಗೆ ನಿಂತಿದ್ದರು.

"ಅಂಟಲ್ಲ, ಒಪ್ಕೊಳ್ಳೋಣ. ಆದ್ರೆ ಮೇಡಂ, ಕೆಮಿಕಲ್ ಬಳ್ಕೊಂಡ ಕೈಲಿ ಅಡುಗೆ ಮಾಡಿದ್ರೆ ಅದು ಮಕ್ಕಳ ಹೊಟ್ಟೆಗೆ ಹೋಗಲ್ವಾ?"

ರೋಗವಿದ್ದರೂ ಕೆಲಸವಿಲ್ಲ, ಮದ್ದು ಹಚ್ಚಿದರೂ ಕೆಲಸವಿಲ್ಲ! ಹೆದರಿದಾಗ ನನ್ನ ಧ್ವನಿ ಕೀರಲಾಗುತ್ತದೆ, ಅವತ್ತು ಆಗಲಿಲ್ಲ. "ಎಂಟು ವರ್ಷ ಪಾತ್ರೆ ಪುಡಿ ಅವರ ಕೈ ತಿಂದಿತಲ್ಲ, ಅದೂ ಕೆಮಿಕಲ್ಲೇ. ಆಗ ಯಾರೂ ಕೇಳಲಿಲ್ಲ. ಕೈ ವಾಸಿಮಾಡೋ ಕೆಮಿಕಲ್ ಬಂದಾಗ ಮಾತ್ರ ಕೇಳ್ತೀರಾ? ಗ್ಲೌಸ್ ಹಾಕ್ಕೊಂಡು ಸೌಟಿನಲ್ಲಿ ಬಡಿಸ್ತಾರೆ. ಮೊದಲ ತಟ್ಟೆ ನನ್ನದು" ಎಂದೆ. ಆಮೇಲೆ ಬಾಗಿಲ ಕಡೆ ತಿರುಗಿ, "ಜಯಮ್ಮ, ಒಳಗೆ ಬನ್ನಿ, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದೆ.

ಅವರು ಬಂದರು. ಕೂರಲಿಲ್ಲ. ಸೆರಗಿನಿಂದ ಎರಡೂ ಕೈ ಹೊರತೆಗೆದು ಅಧ್ಯಕ್ಷರ ಮುಂದೆ, ಮೇಜಿನ ಮೇಲೆ ಅಂಗೈ ಮೇಲಾಗಿ ಇಟ್ಟರು.

"ದೂರದಿಂದ ನೋಡಿ ಹೆಸ್ರಿಟ್ರಿ. ಈಗ ಹತ್ರದಿಂದ ನೋಡಿ ಗೌಡ್ರೇ. ನಿಮ್ಮ ಮಕ್ಕಳು ಉಂಡ ಪಾತ್ರೆ ಉಜ್ಜಿ ಹಿಂಗಾಗಿರಾದು. ವಾಸಿ ಮಾಡ್ಕಂತೀನಿ. ಒಲೆ ಬುಟ್ಟು ಎಲ್ಲೂ ಹೋಗಾಕಿಲ್ಲ."

ಅಧ್ಯಕ್ಷರು ನೋಡಿದರು. ನೋಡದೆ ವಿಧಿಯಿರಲಿಲ್ಲ. ಆಮೇಲೆ, ಗ್ಲೌಸನ್ನು ಶಾಲೆಯಿಂದಲೇ ಕೊಡಿಸಿ ಎಂದು ಹೆಡ್‌ಮಾಸ್ಟರಿಗೆ ಹೇಳಿದರು. ಮೂರು ವಾರ ಪಾತ್ರೆಗಳನ್ನು ಶಿಕ್ಷಕರಾದ ನಾವೇ ಸರದಿಯಲ್ಲಿ ಉಜ್ಜಿದೆವು. ಗಣಿತದ ಮೇಷ್ಟ್ರು ಎರಡನೆಯ ದಿನಕ್ಕೇ ತಮ್ಮ ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳತೊಡಗಿದ್ದರು.

ಕೈ ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ಮುಂದಿನ ಚಳಿಗೆ ಮತ್ತೆ ಒಡೆಯಬಹುದು, ಜೆಲ್ಲಿ ಬಿಡಬೇಡಿ ಎಂದಿದ್ದಾರೆ ಡಾಕ್ಟರು. ಆದರೆ ಬೇಸಿಗೆ ಶುರುವಾಗುವ ಹೊತ್ತಿಗೆ ಬೆರಳುಗಳನ್ನು ಮಡಿಸಲಾಗುತ್ತಿತ್ತು. ಆಗ ಒಂದು ಭಾನುವಾರ ಜಯಮ್ಮ ನನ್ನನ್ನು ಬೇಲೂರಿಗೆ ಕರೆದರು. ತಂಗಿಯ ಮಗಳ ಮದುವೆಯಿತ್ತು, ಬಳೆ ತೊಡಬೇಕು. ಎರಡು ವರ್ಷದಿಂದ ಗಾಜಿನ ಬಳೆ ತೊಟ್ಟಿರಲಿಲ್ಲ, ಕೈ ಹಿಸುಕಿಸಿಕೊಳ್ಳುವ ಹಾಗಿರಲಿಲ್ಲ. "ಬಳೆಯೋನು ಕೈ ಮುಟ್ಟಾಕೆ ಹಿಂದೆಮುಂದೆ ನೋಡುದ್ರೆ ನೀವ್ ಹೇಳ್ಬೇಕು" ಎಂದಿದ್ದರು. ದೇವಸ್ಥಾನದ ಗೋಡೆಯ ಶಿಲಾಬಾಲಿಕೆಯರಿಗೆ ಒಂಬೈನೂರು ವರ್ಷವಾದರೂ ಬೆರಳು ಒಡೆದಿಲ್ಲ ಎಂದು ಬೆರಗಾಗುವವರು ಆಗಲಿ; ಅವರು ಒಂದು ದಿನವೂ ಪಾತ್ರೆ ತೊಳೆದವರಲ್ಲ.

ನಾನು ಏನೂ ಹೇಳಬೇಕಾಗಲಿಲ್ಲ. ಮುದುಕ ಬಳೆಗಾರ ಮಾತಾಡುತ್ತಲೇ ಆ ಕೈಯನ್ನು ತನ್ನ ಕೈಗೆ ತೆಗೆದುಕೊಂಡು, ಹೆಬ್ಬೆರಳ ಬುಡವನ್ನು ಒತ್ತಿ, ಒಂದೊಂದಾಗಿ ಹಸಿರು ಬಳೆ ಏರಿಸಿದ. ಜಯಮ್ಮ ಕಣ್ಣು ಮುಚ್ಚಿದ್ದರು. ನೋವಾಯಿತೇ ಎಂದೆ, ಇಲ್ಲವೆಂದು ತಲೆಯಾಡಿಸಿದರು. ಕೈಗೊಂದು ಡಜನ್ ಆದಮೇಲೆ ಕಣ್ಣು ಬಿಟ್ಟು, "ಇನ್ನೊಂದೊಂದ್ ಡಜನ್ ಹಾಕಪ್ಪ" ಎಂದರು.

"ಭಾರ ಆಗಲ್ವೇ ಜಯಮ್ಮ, ಅಷ್ಟೊಂದು?"

"ಆಗ್ಲಿ ಮೇಡಮ್ಮೋರೆ. ಸದ್ದಾಗ್ಬೇಕು. ನಾನ್ ಬಡಿಸ್ತಿದ್ರೆ ಆ ಅಧ್ಯಕ್ಷರು ಆಫೀಸ್ ರೂಮ್ನಾಗೆ ಕುಂತಿದ್ರೂ ಕೇಳ್ಬೇಕು" ಎಂದು ಮತ್ತೆ ಕೈಯನ್ನು ಮುಂದೆ ಚಾಚಿದರು.