ಸುಳ್ಳು ಬೇವು

ಪಾರಕ್ಕಾ, ಆ ವರ್ಷ ನಮ್ಮ ಮನೆಗೆ ಅಮ್ಮ ಬಂದಿರಲಿಲ್ಲ. ನನ್ನ ಕೂಸು ತಾರಾಳ ಮೈಮೇಲೆ ಒಂದು ಗುಳ್ಳೆಯೂ ಎದ್ದಿರಲಿಲ್ಲ. ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದವಳು ನಾನು, ಸುಳ್ಳಿಗೆ ಕಟ್ಟಿದ್ದು. ನಿನ್ನ ನೀಲಾ ನಮ್ಮ ಹೊಸ್ತಿಲು ದಾಟಬಾರದೆಂದು.

ಬರೆದುಬಿಟ್ಟೆ. ಹದಿನೆಂಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಕಾಗದದ ಮೇಲೆ ಬಂದಾಗ ಇಷ್ಟೇ ಇಷ್ಟು.

ಬೇವು ಕಟ್ಟಿದ್ದ ಆ ಒಂಬತ್ತು ದಿನಗಳಲ್ಲಿ ಏನೇನು ಆಗಬಹುದೆಂದು ನಾನು ಆಗಲೇ ಬೆರಳು ಮಡಿಚಿ ಎಣಿಸಿಟ್ಟಿದ್ದೆ. ನಿನಗೆ ಗೊತ್ತಲ್ಲ, ಚಿಂತೆ ಮಾಡುವುದು ಒಂದು ಕಸುಬಾಗಿದ್ದರೆ ನಾನು ಬೆಟಗೇರಿಗೇ ದೊಡ್ಡ ಕಸುಬುದಾರಳು. ನೆನೆದ ಮಣ್ಣಿನ ಮಾಳಿಗೆ ಮಕ್ಕಳ ಮೇಲೆ ಕುಸಿಯಬಹುದಿತ್ತು. ಬಾಗಿಲು ಕಿಟಕಿ ಮುಚ್ಚಿ ಕೆಂಡದ ಸಿಗಡಿ ಇಟ್ಟುಕೊಂಡು ಕುಳಿತ ನಾವು ನಾಲ್ವರೂ ಹೊಗೆಯಲ್ಲಿ ಉಸಿರುಗಟ್ಟಬಹುದಿತ್ತು. ವಸಂತ ಓಡಾಡಿ ಓಡಾಡಿ ಅದೇ ಸಿಗಡಿಯ ಮೇಲೆ ಬೀಳಬಹುದಿತ್ತು. ಕಚೇರಿ ಕೆಲಸಕ್ಕೆ ಮುಂಡರಗಿಗೆ ಹೋದ ನಮ್ಮವರ ಮೋಟಾರು ಹಳ್ಳದ ನೀರಲ್ಲಿ ನಿಂತುಬಿಡಬಹುದಿತ್ತು. ಸುಳ್ಳು ಹೇಳಿ ಕರೆದ ಅಮ್ಮ ಖರೆಯಾಗಿಯೇ ಬಂದುಬಿಡಬಹುದಿತ್ತು. ಇನ್ನು ನೀಲಾಳಿಗೆ — ಅದನ್ನು ಆಗಲೂ ಮನಸ್ಸಿನಲ್ಲಿ ಪೂರ್ತಿ ಹೇಳಿಕೊಂಡಿರಲಿಲ್ಲ, ಈಗಲೂ ಬರೆಯಲಾರೆ. ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ. ಬಹಳ ಸಣ್ಣದು. ಅದನ್ನು ಕೊನೆಗೆ ಹೇಳುತ್ತೇನೆ, ಅದಕ್ಕೇ ಹೆಚ್ಚು ಧೈರ್ಯ ಬೇಕು.

ಕರ್ನಾಟಕ ಒಂದಾಗಿ ಇನ್ನೂ ತಿಂಗಳು ಕಳೆದಿರಲಿಲ್ಲ. ನಮ್ಮವರು ಕಚೇರಿಯ ಕಾಗದಗಳಲ್ಲಿ ಮುಂಬೈ ಎಂದಿದ್ದಲ್ಲೆಲ್ಲ ಗೀಟು ಹೊಡೆದು ಮೈಸೂರು ಎಂದು ಬರೆಯುವ ಗಡಿಬಿಡಿಯಲ್ಲಿದ್ದರು. ಓಣಿಯಲ್ಲಿ ಹಂಚಿದ ಪೇಢೆಯ ರುಚಿ ಬಾಯಲ್ಲಿ ಇನ್ನೂ ಇತ್ತು. ಆಗ ಹಿಡಿಯಿತು ಆ ಜಿಟಿಜಿಟಿ ಮಳೆ. ಮೂಡಣದ ಸಮುದ್ರದಲ್ಲಿ ಎಲ್ಲೋ ಬಿರುಗಾಳಿ ಎದ್ದಿದೆ ಎಂದರು. ಸಮುದ್ರ ಕಂಡವರು ನಮ್ಮ ಓಣಿಯಲ್ಲಿ ಒಬ್ಬರೂ ಇರಲಿಲ್ಲ, ಆದರೆ ಅದರ ಥಂಡಿ ಮಾತ್ರ ನೇರ ನಮ್ಮ ಎಲುಬಿಗೆ ಬಂದು ಕುಳಿತಿತ್ತು. ಶಾಲೆಯ ಹಂಚು ಸೋರಿ ಮಕ್ಕಳನ್ನು ಮನೆಗೆ ಕಳಿಸಿದರು. ಒಂಬತ್ತು ವರ್ಷದ ಸರೋಜ, ಏಳರ ವಸಂತ, ಎರಡರ ತಾರಾ — ಮೂವರೂ ಒಂದು ಪಡಸಾಲೆ, ಒಂದು ಅಡುಗೆಮನೆ, ಒಬ್ಬ ತಾಯಿಯ ನಡುವೆ.

ವಸಂತನ ಪುಸ್ತಕದಲ್ಲಿ ಹಿಮಾಲಯದ ಚಿತ್ರವಿತ್ತು. "ಅವ್ವಾ, ಇಷ್ಟು ಥಂಡಿ ಐತೆಲ್ಲ, ನಮ್ಮೂರಾಗೂ ಬರ್ಫ ಬೀಳತೈತೇನು?" ಎಂದು ಗಳಿಗೆಗೊಮ್ಮೆ ಬಾಗಿಲು ತೆರೆದು ಅಂಗೈ ಚಾಚುತ್ತಿದ್ದ.

"ಬಾಗಲಾ ಹಾಕಲೇ! ಬರ್ಫಲ್ಲ, ನಿಮ್ಮಪ್ಪ ಬಂದು ನಿನ್ನ ಬೆನ್ನಮ್ಯಾಲೆ ಬೀಳತಾನ" ಎನ್ನುತ್ತಿದ್ದೆ ನಾನು.

ನಿನ್ನ ಮನೆಗೂ ನಮ್ಮ ಮನೆಗೂ ಇದ್ದದ್ದು ಒಂದೇ ಗೋಡೆ. ಅದರಲ್ಲಿ, ಎರಡೂ ಒಲೆಗಳ ನಡುವೆ, ಅಂಗೈಯಗಲದ ಆ ಕಿಂಡಿ. ದಿನಾ ಬೆಳಿಗ್ಗೆ ಅದರಲ್ಲಿ ಒಂದು ತೆಂಗಿನ ಚಿಪ್ಪು ಈ ಕಡೆ ಬರುತ್ತಿತ್ತು, ನಿನ್ನ ದನಿ ಅದರ ಹಿಂದೆ — "ತಂಗೀ, ಬೆಂಕಿ ಐತೇನ?" ನಾನು ಎರಡು ಕೆಂಡ ಹಾಕಿ ದಬ್ಬುತ್ತಿದ್ದೆ. ಕಡ್ಡಿಪೆಟ್ಟಿಗೆ ಯಾರ ಮನೆಯಲ್ಲಿ ಇರಲಿಲ್ಲ? ಆದರೆ ಪಕ್ಕದಲ್ಲಿ ಕೆಂಡವಿರುವಾಗ ಕಡ್ಡಿ ಗೀರುವುದೆಂದರೆ ಆ ಮನೆಯ ಸಂಗಡ ಮಾತು ಬಿಟ್ಟಂತೆ. ತಾರಾ ಹುಟ್ಟಿದಾಗ ಬಿಸಿನೀರು ಕಾಯಿಸಿದವಳು ನೀನು. ಬಾಣಂತಿಯಾದ ನನಗೆ ಹದಿನೈದು ದಿನ ಅದೇ ಕಿಂಡಿಯಲ್ಲಿ ಸಜ್ಜಕದ ಬಟ್ಟಲು ಬಂದಿತ್ತು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಸುತ್ತಿ ನಿನ್ನ ಹೆಬ್ಬೆರಳಿನ ಮೇಲೆ ಬಿದ್ದಿದ್ದ ಗೆರೆ, ಬಟ್ಟಲು ದಬ್ಬುವಾಗ ಕಾಣುತ್ತಿತ್ತು.

ಜಿಟಿಜಿಟಿ ಹಿಡಿದ ಮೂರನೆಯ ದಿನ ನೀಲಾ ಎಂದಿನಂತೆ ಆಡಲು ಬಂದಳು. ತಾರಾಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಕೆಮ್ಮಿದಳು. ಮತ್ತೆ ಕೆಮ್ಮಿದಳು. ಕೆಮ್ಮಿನ ಕೊನೆಗೆ ಉಸಿರು ಒಳಗೆಳೆದುಕೊಳ್ಳುವಾಗ ಒಂದು ಸಣ್ಣ ಸೀಟಿ. ಊರಲ್ಲಿ ನಾಯಿಕೆಮ್ಮಿನ ಸುದ್ದಿ ಇತ್ತು.

ಇಲ್ಲಿ ನಾನು ನಿಜ ಹೇಳಬೇಕು. ಇಲ್ಲವಾದರೆ ಈ ಕಾಗದವೂ ಆ ಬೇವಿನ ಹಾಗೆಯೇ. ನನಗೆ ಹೆದರಿಕೆಯಾದದ್ದು ಕೆಮ್ಮಿಗೆ ಮಾತ್ರ ಅಲ್ಲ. ನೀಲಾಳಿಗಿಂತ ಮೊದಲು ನೀನು ಎರಡು ಮಕ್ಕಳನ್ನು ಇಂಥದೇ ಥಂಡಿಗಾಲದಲ್ಲಿ ಕಳೆದುಕೊಂಡಿದ್ದೆ. ಆ ಗೋಡೆಯ ಆಚೆ ಮಕ್ಕಳು ಉಳಿಯುವುದಿಲ್ಲ, ಅದು ಈಚೆ ದಾಟಬಾರದು — ಹೀಗೆ ಯೋಚಿಸಿದೆ, ಪಾರಕ್ಕಾ. ನಿನ್ನ ದುಃಖವನ್ನು ನಾನು ಅಂಟುಜಾಡ್ಯವೆಂದು ತಿಳಿದೆ. ನಿನಗೆ ಉಳಿದಿದ್ದ ಒಂದೇ ಒಂದು ಮಗುವನ್ನು ನೋಡಿ ನನಗೆ ಮೊದಲು ಬಂದದ್ದು ಕನಿಕರವಲ್ಲ.

"ನೀಲಾಗ ಕೆಮ್ಮೈತಿ, ನಾಕ ದಿನ ಕಳಸಬ್ಯಾಡಕ್ಕಾ" — ಇಷ್ಟು ಅಂದಿದ್ದರೆ ಸಾಕಿತ್ತು. ನೀನು ಬೇಸರಪಡುತ್ತಿದ್ದೆ, ಆಮೇಲೆ ಮರೆಯುತ್ತಿದ್ದೆ. ನನಗೆ ಬಾಯಿ ಬರಲಿಲ್ಲ. ಒಳ್ಳೆಯವಳೆನಿಸಿಕೊಳ್ಳುವ ಚಟ ನನ್ನದು.

ಮರುದಿನ ನಸುಕಿಗೇ ಹಿತ್ತಲಿನ ಗಿಡದಿಂದ ತೊಪ್ಪಲು ಮುರಿದು ಬಾಗಿಲಿಗೆ ಕಟ್ಟಿದೆ. ಬೇವು ಕಂಡ ಮನೆಗೆ ಯಾರೂ ಕಾಲಿಡುವುದಿಲ್ಲ, ಯಾಕೆ ಎತ್ತ ಎಂದು ಕೇಳುವುದೂ ಇಲ್ಲ. ಸುಳ್ಳು ಹೇಳುವಾಗಲೂ ನನ್ನ ಚಿಂತೆ ನನ್ನನ್ನು ಬಿಡಲಿಲ್ಲ, ನೋಡು. ಸಿಡುಬಿನ ದೊಡ್ಡಮ್ಮ ಎಂದರೆ ಮುನಿಸಿಪಾಲ್ಟಿಯ ದೇವಿ ಹಾಕುವವರು ಸೂಜಿ ಹಿಡಿದು ಬರುತ್ತಾರೆ, ಮೇಲಾಗಿ ಆ ತಾಯಿಯ ಸಿಟ್ಟೂ ದೊಡ್ಡದು. ಆದ್ದರಿಂದ ನೀರುಗುಳ್ಳೆಯ ಸಣ್ಣಮ್ಮನನ್ನು ಆರಿಸಿದೆ. ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ.

ಚಿಪ್ಪು ಕಿಂಡಿಗೆ ಬಂದಾಗ ಹೇಳಿದೆ: "ಪಾರಕ್ಕಾ, ತಾರಾನ ಮೈಮ್ಯಾಲೆ ಅಮ್ಮ ಬಂದಾಳ."

ಚಿಪ್ಪು ಹಿಂದಕ್ಕೆ ಸರಿಯಿತು. "ಅಯ್ಯ ನನ ತಂಗಿ! ಹೆದರಬ್ಯಾಡ ನೀ. ಅಮ್ಮ ಬಂದ ಮನಿಯಿಂದ ಬೆಂಕಿ ಹೊರಗ ಹೋಗಬಾರದು, ನಾ ಬ್ಯಾರೆ ಕಡೆ ತರತೀನಿ. ನೀ ಒಗ್ಗರಣಿ ಹಾಕಬ್ಯಾಡ, ಏನೂ ಕರೀಬ್ಯಾಡ, ಅಕಿಗೆ ಉರಿ ಆಗತೈತಿ. ನಮ್ಮ ಒಲಿ ನಿಮ್ಮ ಗ್ವಾಡಿಗೇ ಐತೆಲ್ಲ — ನಾನೂ ಒಂಬತ್ತು ದಿನ ಒಗ್ಗರಣಿ ಹಾಕೂದಿಲ್ಲ. ಮಾತು ಕೊಟ್ಟೆ ಅಮ್ಮಗ."

ಬೆಂಕಿಯ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಸಾವಿರ ಚಿಂತೆ ಮಾಡುವ ತಲೆಗೆ ಅದೊಂದು ಹೊಳೆದಿರಲಿಲ್ಲ.

ಬಾಗಿಲ ಸಂದಿಯಿಂದ ನೋಡಿದೆ. ನಿನ್ನ ಹತ್ತಿಕಟ್ಟಿಗೆ ಅಂಗಳದಲ್ಲಿ ನೆನೆದು ಕಪ್ಪಗಾಗಿತ್ತು, ಬರೀ ಕಡ್ಡಿಗೆ ಹತ್ತುವಂತಿರಲಿಲ್ಲ. ನೀನು ಗೋಣಿಚೀಲವನ್ನು ತಲೆಗೆ ಕೊಪ್ಪೆ ಮಾಡಿಕೊಂಡು ಓಣಿಯ ಆ ತುದಿಯವರೆಗೆ ಹೋಗಿ, ಚಿಪ್ಪಿನಲ್ಲಿ ಕೆಂಡ ಹಿಡಿದು, ಅದರ ಮೇಲೆ ಅಂಗೈ ಮರೆ ಮಾಡಿ ಬಗ್ಗಿ ಬಗ್ಗಿ ಬರುತ್ತಿದ್ದೆ. ಒಮ್ಮೆ ಅರ್ಧ ದಾರಿಯಲ್ಲೇ ಆರಿಹೋಗಿ ಮತ್ತೆ ತಿರುಗಿ ಹೋದೆ. ಅಷ್ಟು ಹೊತ್ತೂ ಕಿಂಡಿಯ ಆಚೆ ನೀಲಾ ಒಬ್ಬಳೇ ಕೆಮ್ಮುತ್ತಿದ್ದಳು. ನನ್ನ ಒಲೆಯಲ್ಲಿ ಕೆಂಡ ನಿಗಿನಿಗಿ ಇತ್ತು.

ಕೂಗಿ ಕರೆಯಬೇಕೆಂದು ಎದ್ದೆ. ಮತ್ತೆ ಕುಳಿತೆ.

ಹಾಗೆಂದು ನಾನೇನು ನೆಮ್ಮದಿಯಾಗಿದ್ದೆನೆ? ಸುಳ್ಳು ಹೇಳಿ ಅಮ್ಮನ ಹೆಸರೆತ್ತಿದವಳ ಮನೆಗೆ ಅಮ್ಮ ಬಾರದೆ ಬಿಡುತ್ತಾಳೆಯೆ? ತಾರಾಳ ಅಂಗಿ ಎತ್ತಿ ಎತ್ತಿ ನೋಡುತ್ತಿದ್ದೆ — ಹೊಟ್ಟೆ, ಬೆನ್ನು, ಕಂಕುಳು. ಒಂದು ಸೊಳ್ಳೆ ಕಚ್ಚಿದ ಗುರುತು ಕಂಡು ದೇವರ ಮುಂದೆ ಕಾಯಿ ಇಟ್ಟು ಗಲ್ಲ ಗಲ್ಲ ಬಡಿದುಕೊಂಡೆ. ಥಂಡಿಯಲ್ಲಿ ಪದೇ ಪದೇ ಮೈ ಬಿಚ್ಚಿಸಿಕೊಂಡ ಆ ಕೂಸು ಸೀನತೊಡಗಿದಾಗ ನನ್ನ ಜೀವ ಬಾಯಿಗೆ ಬಂತು. ಸಾಲದ್ದಕ್ಕೆ ಅವಳಿಗೆ ನಗುವ ಹುಚ್ಚು. ಅಮ್ಮ ಬಂದ ಮಗು ಹಾಗೆ ಕಿಲಕಿಲ ಎನ್ನಬಾರದಲ್ಲ! ಬಾಯಿಗೆ ಬೆಲ್ಲದ ಚೂರು ತುರುಕಿ ಸುಮ್ಮನಾಗಿಸುತ್ತಿದ್ದೆ. ಬೆಲ್ಲ ಸಿಗುತ್ತದೆಂದು ಗೊತ್ತಾದ ಮೇಲೆ ಉಳಿದಿಬ್ಬರೂ ನಗಲು ಶುರು ಮಾಡಿದರು.

ಮತ್ತೆ ನಿನ್ನ ಮೊಸರನ್ನ. ದಿನಾ ಮಧ್ಯಾಹ್ನ ನೀನು, ಬಾಳೆಲೆ ಮುಚ್ಚಿ, ಹೊಸ್ತಿಲಿನ ಆಚೆ ಇಟ್ಟು, ಅಮ್ಮನಿಗೆಂದು ಕೈಮುಗಿದು ಹೋಗುತ್ತಿದ್ದೆ. ಒಗ್ಗರಣೆಯಿಲ್ಲದ ತಣ್ಣನೆಯ ಅನ್ನ. ನೀವಿಬ್ಬರೂ ಉಣ್ಣುತ್ತಿದ್ದದ್ದೂ ಅದನ್ನೇ. ಕೆಮ್ಮುವ ಕೂಸಿಗೆ, ಆ ಥಂಡಿಯಲ್ಲಿ, ನನ್ನ ಆರೋಗ್ಯವಂತ ಮಗಳ ಸಲುವಾಗಿ.

"ದೊಡ್ಡವ್ವನ ಮೊಸರನ್ನ ಭಾಳ ಛಲೋ ಐತೆವ್ವಾ, ದಿನಾ ಬೇವು ಕಟ್ಟು" ಎಂದ ವಸಂತ, ಬೆರಳು ನೆಕ್ಕುತ್ತ.

ಅವನ ಬೆನ್ನಿಗೆ ಒಂದು ಬಿಟ್ಟೆ. ಯಾಕೆಂದು ಅವನಿಗೆ ಇಂದಿಗೂ ಗೊತ್ತಿಲ್ಲ.

ಬೇವು ಕಟ್ಟಿದ ಆರನೆಯ ದಿನ. ಮಕ್ಕಳು ಥಂಡಿಗೆ ರಜಾಯಿಯೊಳಗೆ ಕಿತ್ತಾಡಿ, ಅತ್ತು, ಮತ್ತೆ ಕಿತ್ತಾಡಿ, ಕೊನೆಗೆ "ಏನರ ಬಿಸೀದು ಕೊಡವ್ವಾ" ಎಂದು ನನ್ನ ಸೆರಗು ಜಗ್ಗತೊಡಗಿದರು. ಡಬ್ಬಿಯಲ್ಲಿ ಚುರುಮುರಿ ಇತ್ತು. ನನ್ನ ತಲೆ ಮಾಡಿದ ಕೆಲಸವಲ್ಲ ಅದು, ಕೈ ಮಾಡಿದ್ದು. ಬಾಣಲೆ ಇಟ್ಟಿತು, ಎಣ್ಣೆ ಹಾಕಿತು, ಸಾಸಿವೆ ಕರಿಬೇವು ಚೆಲ್ಲಿತು.

ಚಟಪಟ ಎಂದಿತು.

ನಾನು ಬಾಣಲೆಯ ಮೇಲೆ ತಟ್ಟೆ ಮುಚ್ಚಿದೆ. ಸಾಸಿವೆ ತಟ್ಟೆಗೆ ಬಡಿದು ಇನ್ನಷ್ಟು ಸದ್ದು ಮಾಡಿತು. ಕರಿಬೇವಿನ ವಾಸನೆ ಹೊಗೆಯಂತೆ ಎದ್ದು ನೇರ ಕಿಂಡಿಯ ಕಡೆಗೆ ಹೋಯಿತು. ನಾನು ನೋಡುತ್ತ ನಿಂತೆ. ಆಚೆ ಕೆಮ್ಮು ನಿಂತಿತು. ಆಮೇಲೆ ನೀಲಾಳ ದನಿ, ಎಷ್ಟು ಖುಷಿಯಿತ್ತು ಅದರಲ್ಲಿ!

"ಯವ್ವಾ! ಚಿಗವ್ವ ಒಗ್ಗರಣಿ ಹಾಕ್ಯಾಳ! ತಾರಾ ಆರಾಮಾದಳೇನ, ಹೋಗಲೇನ ನಾ?"

ನೀನು ತಟ್ಟನೆ ಉತ್ತರ ಕೊಡಲಿಲ್ಲ. ಒಂದು ಕೂಸು ಹತ್ತು ಎಣಿಸುವಷ್ಟು ಹೊತ್ತು.

"ಅದು ಬ್ಯಾರೆ ಯಾರದೋ ಮನೀದು" ಎಂದೆ ನೀನು. "ನೀ ಸುಮ್ಮನ ಮಲಕೋ."

ಬೈದಿದ್ದರೆ ನಾನು ಬದುಕುತ್ತಿದ್ದೆ, ಪಾರಕ್ಕಾ. ಗೋಡೆಗೆ ಮುಖ ಹಚ್ಚಿ ನನ್ನ ಏಳು ತಲೆಮಾರನ್ನು ಜಾಲಾಡಿಸಿದ್ದರೆ. ನಮ್ಮ ಓಣಿಯಲ್ಲಿ ಅಮ್ಮ ಬಂದ ಮನೆಯಲ್ಲಿ ಸಾಸಿವೆ ಸಿಡಿಸುವ ಹೆಂಗಸು ಯಾವಳೂ ಇಲ್ಲ. ನೀನು ಎಲ್ಲವನ್ನೂ ತಿಳಿದುಕೊಂಡೆ — ಬೇವು ಯಾಕೆ, ಯಾರಿಗಾಗಿ, ನೀಲಾಳ ಕೆಮ್ಮು ಶುರುವಾದ ಮರುದಿನವೇ ಯಾಕೆ. ತಿಳಿದೂ ನಿನ್ನ ಮಗಳ ಮುಂದೆ ನನ್ನನ್ನು ಕಾಪಾಡಿದೆ.

ಮರುದಿನ ಮೊಸರನ್ನ ಬರುವುದಿಲ್ಲವೆಂದುಕೊಂಡೆ. ಬಂತು. ಎಂಟನೆಯ ದಿನವೂ ಬಂತು. ಕೈ ಮಾತ್ರ ಹೊಸ್ತಿಲ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಒಂಬತ್ತನೆಯ ದಿನ ಬಿಸಿಲು ಬಿತ್ತು. ನಾನು ಬೇವು ಬಿಚ್ಚುವಾಗ ನೀನು ಅಂಗಳಕ್ಕೆ ಬಂದೆ, ಬೇವು ಅರಿಸಿನ ಹಾಕಿ ಕಾಯಿಸಿದ ನೀರಿನ ತಂಬಿಗೆ ಹಿಡಿದು. ತಾರಾಳ ಮೈಗೆ ಹನಿಸಿದೆ. ಅವಳ ಬೆನ್ನಿನ ಮೇಲೆ ನಿನ್ನ ಅಂಗೈ ಮೆಲ್ಲಗೆ ಒಮ್ಮೆ ಓಡಾಡಿತು.

"ಒಂದು ಕಲೀನೂ ಉಳದಿಲ್ಲ" ಎಂದೆ, ನನ್ನ ಕಡೆ ನೋಡದೆ. "ಭಾಳ ಹಗುರಕ ಹೋಗ್ಯಾಳ ಅಮ್ಮ. ನಾ ಒಂಬತ್ತು ದಿನ ಅಂತ ಹೇಳಿದ್ದೆ, ಮುಗಿಸೀನಿ."

ಆಗ ಹೇಳಬಹುದಿತ್ತು. ನೀನು ಅದಕ್ಕಾಗಿಯೇ ಸ್ವಲ್ಪ ಹೊತ್ತು ನಿಂತಿದ್ದೆ ಎಂದು ಈಗ ನನಗೆ ಅನಿಸುತ್ತದೆ. ನಾನು "ಹೂಂ" ಎಂದೆ. ಅಷ್ಟೇ.

ನೀಲಾಳದು ನಾಯಿಕೆಮ್ಮು ಆಗಿರಲಿಲ್ಲ. ಬಿಸಿಲಿಗೆ ಕುಳಿತು ನಾಲ್ಕು ದಿನಕ್ಕೆ ಗುಣವಾದಳು. ನಮ್ಮವರು ಮುಂಡರಗಿಯಿಂದ ನೆನೆದ ಕೊಡೆ ಹಿಡಿದು ಬಂದು, "ಎಲ್ಲಾ ಆರಾಮ ಅಲ್ಲ?" ಎಂದು ಕೇಳಿದರು. ಮಾಳಿಗೆ ಇಂದಿಗೂ ಗಟ್ಟಿಯಾಗಿದೆ.

ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಆ ಸುಳ್ಳು ನಮ್ಮ ಮನೆಯಲ್ಲಿ ಖರೆಯಾಗಿ ಬೆಳೆದುಬಿಟ್ಟಿದೆ. ಮೊನ್ನೆ ತಾರಾ, ಈಗ ಇಪ್ಪತ್ತರ ಹುಡುಗಿ, ಅಮ್ಮ ಬಂದ ಗೆಳತಿಯ ಆರೈಕೆಗೆ ಶಿಗ್ಲಿಗೆ ಹೊರಟು ನಿಂತಳು. "ನನಗೇನ ಆಗತೈತವ್ವಾ? ಸಣ್ಣಾಕಿ ಇದ್ದಾಗ ಬಂದು ಹೋಗ್ಯಾಳಲ್ಲ!" ಎಂದಳು. ನಾನು ಬಾಗಿಲಿಗೆ ಅಡ್ಡ ನಿಂತು ಎಲ್ಲವನ್ನೂ ಹೇಳಬೇಕಾಯಿತು. ನೋಡು, ಆಗಲೂ ನನ್ನ ಬಾಯಿ ತೆರೆಸಿದ್ದು ಪಶ್ಚಾತ್ತಾಪವಲ್ಲ, ಅದೇ ಹಳೆಯ ಹೆದರಿಕೆ. ಅವಳು ಚೀಲ ಕೆಳಗಿಟ್ಟಳು. ಆಮೇಲೆ ಒಂದೇ ಮಾತು ಕೇಳಿದಳು: "ದೊಡ್ಡವ್ವಗ ಹೇಳೀಯೇನ ಇದನ್ನ?"

ನಿನಗೆ ಓದಲು ಬಾರದು. ಸೊರಟೂರಿನ ನಿನ್ನ ಅಳಿಯನ ಮನೆಯಲ್ಲಿ ಇದನ್ನು ನೀಲಾಳೇ ಓದಿ ಹೇಳುತ್ತಾಳೆ. ನೀಲವ್ವಾ, ಯಾವ ಸಾಲನ್ನೂ ಬಿಡಬೇಡ ತಾಯಿ. ಆವತ್ತು ಒಗ್ಗರಣೆ ಹಾಕಿದ್ದು ಬೇರೆ ಯಾರದೋ ಮನೆಯಲ್ಲಲ್ಲ. ನಿನ್ನ ಚಿಗವ್ವನ ಮನೆಯಲ್ಲೇ.

ಇನ್ನು ಆ ಸಣ್ಣದು. ಬೇವು ಬಿಚ್ಚಿದ ಮರುದಿನ ಬೆಳಿಗ್ಗೆ ನಾನು ಕೆಂಡ ಕೆದರಿ ಇಟ್ಟುಕೊಂಡು ಕಿಂಡಿಯ ಮುಂದೆ ಕುಳಿತೆ. ಚಿಪ್ಪು ಬರಲಿಲ್ಲ. ಆಚೆ ಕಡ್ಡಿ ಗೀರಿದ ಸದ್ದು ಕೇಳಿತು. ಒಮ್ಮೆ ಹತ್ತಲಿಲ್ಲ, ಎರಡನೆಯ ಸಲ ಹತ್ತಿತು. ಬಗ್ಗಿ ನೋಡಿದೆ. ನೀನು ಕಿಂಡಿಗೆ ನೀಲಾಳ ಹಳೆಯ ಲಂಗದ ತುಂಡನ್ನು ಮಡಿಚಿ ತುರುಕಿದ್ದೆ. ಗಾಳಿ ಬರಬಾರದೆಂದು, ಎಂದುಕೊಂಡೆ. ಬೇಸಿಗೆ ಬಂದರೂ ಅದು ಅಲ್ಲೇ ಇತ್ತು. ನೀನು ಮಗಳ ಮನೆಗೆ ಹೋಗುವವರೆಗೂ ಇತ್ತು. ಸಿಮೆಂಟಲ್ಲ, ಮಣ್ಣಲ್ಲ, ಬರೀ ಅರಿವೆ. ಈ ಕಡೆಯಿಂದ ಒಂದು ಬೆರಳಲ್ಲಿ ನೂಕಿದ್ದರೆ ಬೀಳುತ್ತಿತ್ತು.

ನಾನು ನೂಕಲಿಲ್ಲ.