ವಾರಗಿತ್ತಿಯ ಜತೆ ಒಂದು ದೋಣಿ, ಒಂದು ಗ್ಲಾಸು

ಇಪ್ಪತ್ತಾರು ವರ್ಷಗಳಿಂದ ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಹುದುಗುವಿಕೆಯ ಪಾಠ ಹೇಳುತ್ತಿದ್ದೇನೆ. ಯೀಸ್ಟು ಸಕ್ಕರೆಯನ್ನು ತಿನ್ನುತ್ತದೆ, ಗುಳ್ಳೆ ಏಳುತ್ತದೆ, ಆಲ್ಕೊಹಾಲ್ ಆಗುತ್ತದೆ ಎಂದು ಬೋರ್ಡಿನ ಮೇಲೆ ಬಾಣದ ಗುರುತು ಎಳೆಯುವಾಗ ನನ್ನ ಧ್ವನಿಯಲ್ಲಿ ಎಂಥ ಅಧಿಕಾರ! ಆದರೆ ಬಾಣದ ಆಚೆ ಬದಿಯಲ್ಲಿರುವುದರ ರುಚಿ ಮಾತ್ರ ನನಗೆ ಗೊತ್ತಿರಲಿಲ್ಲ. ಬಳ್ಳಾರಿ ಕಂಟೋನ್ಮೆಂಟಿನಲ್ಲಿರುವ ನಮ್ಮದು ವೈಷ್ಣವರ ಮನೆ. ಅಲ್ಲಿ ಈರುಳ್ಳಿಗೇ ವರ್ಷಕ್ಕೆ ನಾಲ್ಕು ತಿಂಗಳು ಪ್ರವೇಶವಿಲ್ಲ. ಅಂಥ ಮನೆಯ ಸೊಸೆಗೆ ಬಿಯರೆಂದರೆ ಡೈನೋಸಾರ್ ಇದ್ದ ಹಾಗೆ: ಪಾಠ ಮಾಡಬಹುದು, ಎದುರಿಗೆ ಕಾಣುವಂತಿಲ್ಲ.

ಹೋದ ದಸರಾ ರಜೆಯಲ್ಲಿ ಗೋವಾಕ್ಕೆ ಹೊರಟೆವು. ನಾನು, ನಮ್ಮವರು, ಅವರ ಅಣ್ಣ, ಅಣ್ಣನ ಹೆಂಡತಿ ಪದ್ಮಕ್ಕ. ಸಿರುಗುಪ್ಪದಲ್ಲಿರುವ ಈ ವಾರಗಿತ್ತಿಯೆಂದರೆ ನನಗೆ ಮದುವೆಯಾದಾಗಿನಿಂದ ಭಯ. ಒಮ್ಮೆ ಗೋಕುಲಾಷ್ಟಮಿಗೆ ಬೇಕರಿಯಿಂದ ಚಕ್ಕುಲಿ ತಂದು ಡಬ್ಬಿಗೆ ತುಂಬಿಟ್ಟಿದ್ದೆ. ಪದ್ಮಕ್ಕ ಒಂದನ್ನು ಮುರಿದು ನೋಡಿದರು, ಅಷ್ಟೇ. ಸಂಜೆಯೊಳಗೆ ರಾಯಚೂರು, ಆದೋನಿಗಳ ನೆಂಟರಿಗೆಲ್ಲ ಸುದ್ದಿ ಮುಟ್ಟಿತ್ತು. ಅವರ ಮುಂದೆ ನಾನು ಇವತ್ತಿಗೂ ಇನ್‌ಸ್ಪೆಕ್ಷನ್ ದಿನದ ಮೇಷ್ಟ್ರ ಹಾಗೆ ಕೂಡುತ್ತೇನೆ.

ಬಳ್ಳಾರಿಯವರಿಗೆ ಸಮುದ್ರ ಕಂಡರೆ ಮೊದಲು ಅನುಮಾನ ಬರುತ್ತದೆ, ಇಷ್ಟೂ ನೀರೇ ಎಂದು. ಬೋಳು ಬಂಡೆಯ ಗುಡ್ಡದ ಕೆಳಗೆ ನೆರಳು ಹುಡುಕುತ್ತ ಬೆಳೆದ ನಮಗೆ ಇನ್ನೊಂದು ಅಚ್ಚರಿಯೂ ಕಾದಿತ್ತು. ನಮ್ಮೂರಿನಲ್ಲಿ ಬೇಡವೆಂದರೂ ಬೀಳುವ ಬಿಸಿಲಿಗೆ ಇಲ್ಲಿ ಜನ ದೂರದ ದೇಶಗಳಿಂದ ಬಂದು, ಮೈಗೆ ಎಣ್ಣೆ ಹಚ್ಚಿಕೊಂಡು, ಹಪ್ಪಳದ ಹಾಗೆ ಮಗ್ಗುಲು ಬದಲಿಸುತ್ತ ಒಣಗುತ್ತಿದ್ದರು.

ಮೊದಲ ದಿನ ಅಣ್ಣತಮ್ಮಂದಿರು ಸಮುದ್ರದಂಚಿನ ಗುಡ್ಡದ ನೆತ್ತಿಯ ಮೇಲಿರುವ ಹಳೆಯ ಕೋಟೆಯನ್ನು ಉತ್ಸಾಹದಿಂದ ಹತ್ತಿದರು. ಎರಡನೆಯ ದಿನ ಇಬ್ಬರೂ ಮೊಣಕಾಲಿಗೆ ಮುಲಾಮು ಹಚ್ಚಿಕೊಂಡು ರೂಮಿನಲ್ಲಿ ಮಲಗಿದರು. ಹಿನ್ನೀರಿನಲ್ಲಿ ಹುಟ್ಟು ಹಾಕುವ ಇಬ್ಬರ ದೋಣಿಯೊಂದನ್ನು ಮೊದಲೇ ಗೊತ್ತುಮಾಡಿ ಆಗಿತ್ತು. "ನಡಿ ಸುಮಾ, ನಾವs ಹೋಗೋಣು" ಎಂದು ಪದ್ಮಕ್ಕ ಎದ್ದರು. ಇಲ್ಲವೆನ್ನುವ ಧೈರ್ಯ ನನಗೆ ಎಲ್ಲಿಂದ ಬರಬೇಕು?

ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೊಟ್ಟು ಪದ್ಮಕ್ಕ ಮುಂದೆ ಕೂತರು, ನಾನು ಹಿಂದೆ. ದೋಣಿ ಮುಂದಕ್ಕೆ ಹೋಗುವ ಬದಲು ಇದ್ದಲ್ಲೇ ಗಿರಕಿ ಹೊಡೆಯತೊಡಗಿತು.

"ಎಡಕ್ಕ ಹಾಕು ಸುಮಾ!"

"ನಿಮ್ಮ ಎಡಕ್ಕೋ, ನನ್ನ ಎಡಕ್ಕೋ ಅಕ್ಕಾ?"

ಇಬ್ಬರೂ ಒಂದೇ ಕಡೆ ಮುಖ ಮಾಡಿ ಕೂತಿದ್ದೇವೆ, ಇಬ್ಬರ ಎಡವೂ ಒಂದೇ ಎಂದು ನನಗೆ ಹೊಳೆಯುವ ಹೊತ್ತಿಗೆ ದೋಣಿಯ ಮೂತಿ ದಡದ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ನಡುವೆ ಸಿಕ್ಕಿಕೊಂಡಿತ್ತು. ಇಳಿತದ ಹೊತ್ತು, ನೀರು ಕಡಿಮೆಯಾಗುತ್ತಿತ್ತು. ಕೂಗಿದರೆ ಕೇಳುವ ದೂರದಲ್ಲಿ ಯಾರೂ ಇರಲಿಲ್ಲ. ಪದ್ಮಕ್ಕ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬೇರುಗಳನ್ನು ನೋಡಿದರು.

ಆಮೇಲೆ ಹಿಂದೆ ತಿರುಗದೆಯೇ ಹೇಳಿದರು: "ಬೀಸುಕಲ್ಲಿನ ಮುಂದ ಕೂತೀವಿ ಅನ್ಕೋ. ಇಬ್ಬರೂ ಒಂದs ಗೂಟ ಹಿಡದೀವಿ. ನಾ ಹೂಂ ಅಂದಾಗ ದಬ್ಬು."

ಹೂಂ. ಹೂಂ. ದೋಣಿ ಹಿಂದಕ್ಕೆ ಸರಿದು, ಬೇರುಗಳಿಂದ ಬಿಡಿಸಿಕೊಂಡು, ಸಭ್ಯಸ್ಥರ ಹಾಗೆ ನೇರ ನಡೆಯಿತು. ಕೆಸರು ತುಳಿದು ದಡ ಸೇರಿದಾಗ ಇಬ್ಬರ ಸೀರೆಯೂ ಮೊಣಕಾಲಿನವರೆಗೆ ಕೆಸರು. ಹಿಂದೆಂದಾದರೂ ನಾವಿಬ್ಬರೂ ಸೇರಿ ಅಷ್ಟು ಜೋರಾಗಿ ನಕ್ಕದ್ದು ನನಗೆ ನೆನಪೇ ಇರಲಿಲ್ಲ.

ವಾಪಸು ಬರುವ ದಾರಿಯಲ್ಲಿ ಒಂದು ಹೆಂಚಿನ ಶೆಡ್ಡು, ಹೊರಗೆ ಬೋರ್ಡು: ಇಲ್ಲೇ ತಯಾರಿಸಿದ ಬಿಯರ್, ಒಳಗೆ ಬಂದು ನೋಡಬಹುದು. ನನ್ನ ಕಾಲುಗಳು ನಿಂತುಬಿಟ್ಟವು. ಪಾಠದ ಸಲುವಾಗಿ ಒಮ್ಮೆ ನೋಡಿ ಬರುತ್ತೇನೆಂದು ಗೊಣಗಿದೆ. "ನಾನೂ ಬರ್ತೀನಿ" ಎಂದರು ಪದ್ಮಕ್ಕ.

ಒಳಗೆ ಆಳೆತ್ತರದ ಸ್ಟೀಲಿನ ಟ್ಯಾಂಕುಗಳು. ಮಾಲೀಕ ಕಾರವಾರದವನಾದ್ದರಿಂದ ಕನ್ನಡ ಬರುತ್ತಿತ್ತು. ಪದ್ಮಕ್ಕ ಮೂಗರಳಿಸಿ, "ಇದು ದ್ವಾಸಿ ಹಿಟ್ಟಿನ ವಾಸನಿ ಅಲ್ಲೇನಪ್ಪಾ?" ಎಂದರು. ಅವನಿಗೆ ಖುಷಿಯೋ ಖುಷಿ. ಎಷ್ಟು ದಿನ ಇಡುತ್ತೀ, ಸೆಕೆಗೆ ಹುಳಿ ಏರುವುದಿಲ್ಲವೇ, ಪಾತ್ರೆ ಹೇಗೆ ತೊಳೆಯುತ್ತೀ? ಮೇ ತಿಂಗಳ ಸಿರುಗುಪ್ಪದಲ್ಲಿ ಮೂವತ್ತು ವರ್ಷ ಹಿಟ್ಟು ಹುದುಗಿಸಿದ ಅನುಭವವೆಲ್ಲ ಪ್ರಶ್ನೆಗಳಾಗಿ ಹೊರಬಂತು. ಬಿ.ಎಸ್ಸಿ., ಬಿ.ಎಡ್. ಮಾಡಿದ ನನಗೆ ನಡುವೆ ಬಾಯಿ ಹಾಕಲು ಜಾಗವೇ ಸಿಗಲಿಲ್ಲ.

ಕೊನೆಗೆ ಅವನು ಕೋಕಂ ಎಂಬ ಹುಳಿಹಣ್ಣು ಹಾಕಿ ಮಾಡಿದ ಬಿಯರನ್ನು ಒಂದು ಪುಟ್ಟ ಗ್ಲಾಸಿಗೆ ಸುರಿದಿಟ್ಟ. "ಇದರಲ್ಲಿ ಆಲ್ಕೊಹಾಲ್ ಉಂಟು ಅಮ್ಮ, ಮೊದಲೇ ಹೇಳ್ತೇನೆ."

ಪದ್ಮಕ್ಕ ಆಚೆ ತಿರುಗಲಿ ಎಂದು ಕಾದೆ. ಅವರು ತಿರುಗಲಿಲ್ಲ. "ಏನ್ ನೋಡ್ಕೋತ ಕೂತಿ? ಪಾಠ ಹೇಳಾಕಿ ಅದೀ, ಕುಡಿ" ಎಂದರು. ಅರ್ಧ ಕುಡಿದೆ. ಮೊದಲು ಹುಳಿ, ಆಮೇಲೆ ಹಾಗಲಕಾಯಿ ಕುದಿಸಿದ ನೀರಿನಂಥ ಕಹಿ, ಜತೆಗೆ ಮೂಗಿಗೆ ಏರಿದ ಗುಳ್ಳೆ. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಪದ್ಮಕ್ಕ ಗ್ಲಾಸು ತೆಗೆದುಕೊಂಡು ಉಳಿದದ್ದನ್ನು ಮುಗಿಸಿದ್ದರು. "ಹುಳಿ ಭೇಷ್ ಅದ. ಕಹಿ ಜಾಸ್ತಿ ಆತು" ಎಂದು ತೀರ್ಪು ಕೊಟ್ಟರು.

"ಅಕ್ಕಾ, ಊರಾಗ ಯಾರಿಗೂ..." ಎಂದು ದಾರಿಯಲ್ಲಿ ಶುರುಮಾಡಿದೆ. ಅವರು ಸೆರಗು ಸರಿಮಾಡಿಕೊಂಡು ಮುಂದೆ ನಡೆದರು. ಊರಿಗೆ ಬಂದ ಮೇಲೆ ಫೋನು ಬಡಿದುಕೊಂಡಾಗಲೆಲ್ಲ ರಾಯಚೂರಿನದೋ ಆದೋನಿಯದೋ ಎಂದು ಮೊದಲು ನಂಬರು ನೋಡುತ್ತಿದ್ದೆ.

ದೀಪಾವಳಿಗೆ ಸಿರುಗುಪ್ಪದಲ್ಲಿ ಎಲ್ಲರೂ ಸೇರಿದೆವು. ನಮ್ಮವರ ಸೋದರತ್ತೆ ರಂಗಮ್ಮನವರು ನಮ್ಮ ಮನೆತನಕ್ಕೇ ಹಿರಿಯರು, ಮಡಿಯ ವಿಷಯದಲ್ಲಿ ಅವರ ಮಾತೇ ಕೊನೆ. ಊಟದ ನಡುವೆ ಅವರು ಕೇಳಿದರು: "ಗೋವಾದಾಗ ಏನೇನು ನೋಡಿದ್ರ್ಯವಾ?"

ಪದ್ಮಕ್ಕ ಪಾಯಸ ಬಡಿಸುತ್ತಲೇ ಹೇಳಿದರು: "ಕ್ವಾಟಿ ನೋಡಿದ್ವಿ, ದೋಣಿ ಹೊಡದ್ವಿ, ಆಮ್ಯಾಲ ಬೀರ್ ಕುಡದ್ವಿ. ಅರ್ಧಾ ಸುಮಾ, ಅರ್ಧಾ ನಾನು."

ನನ್ನ ಕೈಯಲ್ಲಿದ್ದ ಕೋಸಂಬರಿಯ ಸೌಟು ಅಲ್ಲೇ ನಿಂತಿತು. ನಮ್ಮವರು ಎಲೆಯಿಂದ ತಲೆ ಎತ್ತಿದವರು ಇಳಿಸಲೇ ಇಲ್ಲ. ರಂಗಮ್ಮನವರು ಪದ್ಮಕ್ಕನ ಕಡೆ ತಿರುಗಿದರು.

"ರುಚಿ ಹೆಂಗಿತ್ತು?"

"ಕಹಿ, ಅತ್ಯಾ."

"ಹಂಗಾದ್ರ ಏನ್ ಕುಡೀತಾವೋ ಮಂದಿ! ಇನ್ನೊಂದೀಟು ಪಾಯಸ ಹಾಕು."

ವಿಚಾರಣೆ ಮುಗಿಯಿತು. ಆಕಾಶ ಬೀಳಲಿಲ್ಲ, ಪಾಯಸವೂ ಆರಲಿಲ್ಲ.

ಆಮೇಲೆ ಅಡುಗೆಮನೆಯಲ್ಲಿ ಪದ್ಮಕ್ಕನನ್ನು ಹಿಡಿದು ನಿಲ್ಲಿಸಿ ಕೇಳಿದೆ, ಎಲ್ಲರ ಮುಂದೆ ಯಾಕೆ ಹೇಳಿದಿರೆಂದು. ಅವರು ಪಾತ್ರೆಯಿಂದ ಕಣ್ಣೆತ್ತದೆ ಹೇಳಿದರು: "ಹೇಳದಿದ್ರ ನೀ ಮತ್ತ ಇಪ್ಪತ್ತು ವರ್ಷ ನನಗ ಹೆದರಿಕೋತ ತಿರಗ್ತಿದ್ದಿ. ಹಂಗಾದ್ರ ಬರೋ ರಜಾಕ್ಕ ನಾ ಯಾರ ಜೋಡಿ ಹೋಗ್ಲಿ?"

ಇಷ್ಟು ವರ್ಷ ಅವರು ನನ್ನ ತಪ್ಪು ಹುಡುಕುತ್ತಿದ್ದಾರೆಂದುಕೊಂಡಿದ್ದೆ. ಅವರು ಹುಡುಕುತ್ತಿದ್ದದ್ದು ಜೊತೆ ಎಂದು ತಿಳಿಯಲು ಇಷ್ಟು ದಿನ ಬೇಕಾಯಿತು. ಮೇಷ್ಟ್ರಿಗೆ ಪಾಠ ಹತ್ತುವುದು ಯಾವಾಗಲೂ ತಡವೇ.