ಕಾಲುವೆಯ ಕೊನೆಯ ಗದ್ದೆ

ಆ ಊರಿಗೆ ಪುರಸಭೆಯಿದೆ, ಬಸ್ ನಿಲ್ದಾಣವಿದೆ, ಬ್ಯಾಂಕೂ ಇದೆ. ಆದರೂ ಅದನ್ನು ಪಟ್ಟಣ ಎನ್ನಲು ಸ್ವಲ್ಪ ಧೈರ್ಯ ಬೇಕು. ಪುರಸಭೆಯ ಹಿಂದಿನ ಕಿಟಕಿ ತೆರೆದರೆ ಗದ್ದೆ, ಆಸ್ಪತ್ರೆಯ ಕಾಂಪೌಂಡಿಗೆ ತಾಗಿಕೊಂಡು ಗದ್ದೆ. ಗುಡ್ಡದ ಬುಡದಲ್ಲಿ ನದಿಯಿಂದ ಹೊರಟ ಕಾಲುವೆ ಮೇಲಿನ ಮರಳು ಮಣ್ಣಿನ ಗದ್ದೆಗಳನ್ನು ದಾಟಿ, ಪೇಟೆಯ ಹಿತ್ತಲಲ್ಲಿ ಹರಿದು, ಕೆಳಗಿನ ಜೇಡಿಮಣ್ಣಿನ ಬಯಲಲ್ಲಿ ಮುಗಿಯುತ್ತದೆ. ಭತ್ತ ಚೆನ್ನಾಗಿ ಬಂದ ವರ್ಷ ಅಕ್ಕಿ ಗಿರಣಿಯ ಮುಂದೆ ಲಾರಿಗಳು ಸಾಲುಗಟ್ಟುತ್ತವೆ, ದರ್ಜಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ, ಹಲ್ಲುನೋವನ್ನು ಕುಯ್ಲಿನವರೆಗೆ ಕಾಪಾಡಿಕೊಂಡು ಬಂದವರೆಲ್ಲ ಡಾಕ್ಟರ ಬಾಗಿಲಲ್ಲಿ ಕೂರುತ್ತಾರೆ. ಬಾರದ ವರ್ಷ ಎಲ್ಲರೂ ನೊಣ ಹೊಡೆಯುತ್ತಾರೆ.

ಇಂಥ ಊರಿನ ಜುಟ್ಟು ತೂಬಕ್ಕನ ಕೈಯಲ್ಲಿತ್ತು. ಕಾಲುವೆಯಿಂದ ಗದ್ದೆಗೆ ನೀರು ಬಿಡುವ ತೂಬುಗಳ ಬೀಗದ ಕೈ ಇರುತ್ತಿದ್ದುದು ಅವಳ ಸೊಂಟದಲ್ಲಿ. ಯಾರಿಗೆ ಎಷ್ಟು ಹೊತ್ತು ನೀರು ಎಂಬುದು ಅವಳದೇ ತೀರ್ಮಾನ. "ನನ್ನ ಹೆಂಡ್ತಿಗೆ ನಾನೊಬ್ನೇ ಹೆದರೋದಲ್ಲ, ಇಡೀ ಊರೇ ಹೆದರುತ್ತೆ," ಎಂದು ಅವಳ ಗಂಡ, ಊರಿನ ದರ್ಜಿ, ಗಿರಾಕಿಗಳ ಅಳತೆ ತೆಗೆಯುತ್ತಾ ಹೆಮ್ಮೆಯಿಂದಲೇ ಹೇಳುತ್ತಿದ್ದ.

ಆ ಕೆಲಸಕ್ಕೊಂದು ಹಳೆಯ ಕಟ್ಟುಪಾಡಿತ್ತು. ಬೀಗದ ಕೈ ಇಟ್ಟುಕೊಂಡವರ ಗದ್ದೆ ಕಾಲುವೆಯ ತುತ್ತತುದಿಯಲ್ಲಿರಬೇಕು. ಮುಲಾಜಿಗೆ ಬಿದ್ದು ಮೇಲಿನವರಿಗೆ ಹೆಚ್ಚು ನೀರು ಬಿಟ್ಟರೆ ಮೊದಲು ಒಣಗುವುದು ಅವರದೇ ಪೈರು. ಅದುವರೆಗೆ ತನ್ನಲ್ಲಿದ್ದ ಬೀಗದ ಕೈಯನ್ನು ತೂಬಕ್ಕನಿಗೆ ಒಪ್ಪಿಸಿದ ದಿನ ಅತ್ತೆ ಹೇಳಿದ್ದು ಒಂದೇ ಮಾತು: "ನಮ್ಮ ಪೈರು ಎಲ್ಲರಿಗಿಂತ ಚೆನ್ನಾಗಿ ಕಂಡ್ರೆ ಎಲ್ಲೋ ತಪ್ಪಾಗಿದೆ ಅಂತ ತಿಳ್ಕೋ."

ಆ ವರ್ಷ ನದಿ ಸೊರಗಿತು. ಎಲ್ಲರ ಪೈರಿನ ತುದಿ ಹಳದಿಯಾಗುತ್ತಾ ಬಂತು. ತೂಬಕ್ಕನ ಗದ್ದೆ ಮಾತ್ರ ಕಣ್ಣು ಕುಕ್ಕುವಷ್ಟು ಹಸಿರು. ಅತ್ತೆಯ ಮಾತು ನೆನಪಾಗದೆ ಇರಲಿಲ್ಲ. ಆದರೆ ಇಷ್ಟು ವರ್ಷ ಸೊರಗಿದ ಪೈರನ್ನೇ ಕುಯ್ದವಳಿಗೆ ಖುಷಿ ತಡೆಯಲಾಗಲಿಲ್ಲ. ದಿನಾ ಬದುವಿನ ಮೇಲೆ ನಿಂತು ನೋಡಿ ನೋಡಿ ಮನೆಗೆ ಹೋಗುತ್ತಿದ್ದಳು.

ಅವಳ ಗದ್ದೆಯ ಮೇಲಿನದು ಮೈದುನನ ಗದ್ದೆ. ಅವನದು ಒಂದೇ ರಾಗ: "ಅತ್ತಿಗೆ, ನನ್ನ ಗದ್ದೇಲಿ ನೀರೇ ನಿಲ್ತಾ ಇಲ್ಲ. ಇನ್ನೊಂದು ಸ್ವಲ್ಪ ಹೊತ್ತು ಬಿಡಿ." ಅವಳು ಬಿಟ್ಟಳು. ಊರು ಅದನ್ನೂ ನೋಡಿತು, ಇವಳ ಹಸಿರನ್ನೂ ನೋಡಿತು. ಗುಸುಗುಸು ಶುರುವಾಗಲು ಇನ್ನೇನು ಬೇಕು?

ಗಿರಣಿಯ ಯಜಮಾನ ರೈತರ ಸಂಘಕ್ಕೂ ಅಧ್ಯಕ್ಷ. ಗಿರಣಿಯ ಅಂಗಳದಲ್ಲಿ, ತೌಡಿನ ಮೂಟೆಗಳ ಮೇಲೆ ಜನರನ್ನು ಕೂರಿಸಿ ಮಾತು ತೆಗೆದ.

"ನೋಡಿ ತೂಬಕ್ಕ, ನಾನೇನೂ ಹೇಳ್ತಿಲ್ಲ. ಜನ ಹೇಳ್ತಿದಾರೆ. ಬೀಗದ ಕೈ ಬೇರೆಯವರಿಗೆ ಕೊಡೋಣ ಅಂತ."

ಅದು ಕೈತಪ್ಪಿದರೆ ಅವಳ ಹೊಟ್ಟೆಗೇನೂ ಕಡಿಮೆಯಾಗುತ್ತಿರಲಿಲ್ಲ, ಗಂಡನ ಹೊಲಿಗೆ ಮಿಷನ್ ಇತ್ತು. ಆದರೆ ನೀರುಗಳ್ಳಿ ಎನ್ನಿಸಿಕೊಂಡು ಅದೇ ಬದುವಿನ ಮೇಲೆ ತಲೆಯೆತ್ತಿ ನಡೆಯುವುದು ಅವಳಿಂದಾಗದ ಮಾತು. ಎದ್ದು ನಿಂತಳು.

"ಮೈದುನನಿಗೆ ಹೆಚ್ಚು ಬಿಟ್ಟಿದ್ದು ನಿಜ. ಅದು ನನ್ನ ತಪ್ಪೇ. ಆದ್ರೆ ನನ್ನ ಗದ್ದೆಗೆ ಒಂದು ಹನಿ ಹೆಚ್ಚು ಬಿಟ್ಕೊಂಡಿಲ್ಲ. ತಗೊಳ್ಳಿ ಬೀಗದ ಕೈ. ನನ್ನ ತೂಬಿಗೆ ನೀವೇ ಬೀಗ ಹಾಕಿ. ಈ ಸರದಿ ನಂಗೆ ನೀರು ಬೇಡ. ಆಮೇಲೆ ಎಲ್ರೂ ಬಂದು ನೋಡಿ."

ಹಾಗೇ ಆಯಿತು. ಸರದಿ ಮುಗಿದ ಮೇಲೆ ಯಜಮಾನ ಪ್ಯಾಂಟು ಮಡಚಿಕೊಂಡು ಗದ್ದೆಗಿಳಿದರೆ ಕಾಲು ಪಚಕ್ಕೆಂದು ಹೂತಿತು. ಮೈದುನನ ಗದ್ದೆಯಲ್ಲಿ ಆಗಲೇ ಬಿರುಕು, ಇವಳದರಲ್ಲಿ ನೀರು.

"ಇದೇನು, ಆಕಾಶದಿಂದ ಬಿತ್ತಾ?" ಎಂದ ಒಬ್ಬ.

ತೂಬಕ್ಕನಿಗೆ ಆಗಲೇ ಅರ್ಥವಾಗಿತ್ತು. ಎರಡು ಗದ್ದೆಗಳ ನಡುವಿನ ಬದುವಿನ ಬುಡಕ್ಕೇ ಕಾಲೆಳೆಯುತ್ತಾ ನಡೆದಳು. ಒಂದು ಕಡೆ ಪಾದಕ್ಕೆ ಮೆತ್ತಗಿನ ಮಣ್ಣು ತಗುಲಿತು. ಬಗ್ಗಿ, ಅಲ್ಲಿದ್ದ ಬಿಲದೊಳಗೆ ಮೊಣಕೈವರೆಗೆ ತೋಳು ತೂರಿಸಿ, ಅಂಗೈಯಗಲದ ಏಡಿಯೊಂದನ್ನು ಎಳೆದು ಯಜಮಾನನ ಮುಂದೆ ಹಿಡಿದಳು.

"ಕಳ್ಳ ಸಿಕ್ಕ. ಬದು ಕೊರೆದು ಮೈದುನನ ನೀರನ್ನ ನನ್ನ ಗದ್ದೆಗೆ ಇಳಿಸ್ತಿದ್ದೋನು ಇವನೇ. ಏನ್ ಶಿಕ್ಷೆ ಕೊಡ್ತೀರೋ ಕೊಡಿ."

ಯಜಮಾನ ಹಿಂದಕ್ಕೆ ಹಾರಿ ಕೆಸರಲ್ಲಿ ಕೂತುಬಿಟ್ಟ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಗುತ್ತಾ ಎದ್ದು, ಬೀಗದ ಕೈಯನ್ನು ಅಂಗಿಗೆ ಒರೆಸಿ ಅವಳಿಗೆ ಕೊಟ್ಟ. ಮೈದುನನ ಮುಖ ಮಾತ್ರ ಸಣ್ಣಗಾಗಿತ್ತು.

ಅವಳು ಜೇಡಿಮಣ್ಣು ಬಾಚಿಕೊಳ್ಳುವಾಗ ಅವನೇ ಮೆಲ್ಲಗೆ ಹೇಳಿದ: "ಅತ್ತಿಗೆ, ತೆನೆ ಕಟ್ಟೋ ಹೊತ್ತು. ಈಗ ಮುಚ್ಚಿದ್ರೆ ನಿಮ್ಮ ಪೈರು ಸೊರಗಿಹೋಗುತ್ತೆ. ಕುಯ್ಲಿನವರೆಗೆ ಹಾಗೇ ಇರ್ಲಿ, ನಾನೇನೂ ಅನ್ಕೊಳಲ್ಲ."

ಯಜಮಾನನೂ ಹೌದೆಂದು ತಲೆಯಾಡಿಸಿದ. ಯಾರೂ ಬೇಡವೆನ್ನಲಿಲ್ಲ. ತೂಬಕ್ಕ ತನ್ನ ಹಸಿರನ್ನು ಒಮ್ಮೆ ಕಣ್ತುಂಬ ನೋಡಿದಳು. ಆಮೇಲೆ ಬಿಲದೊಳಗೆ ಮಣ್ಣು ತುರುಕಿ, ಹಿಮ್ಮಡಿಯಿಂದ ಗಟ್ಟಿಯಾಗಿ ತುಳಿದಳು.

"ನನ್ನ ಗದ್ದೆ ಹೀಗೆ ಹಸಿರಾಗಿದ್ರೆ, ಮೇಲೆ ಯಾರಿಗೆ ನೀರು ಸಾಲ್ತಿಲ್ಲ ಅಂತ ನಂಗೆ ಹೇಗಪ್ಪಾ ಗೊತ್ತಾಗೋದು?"

ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲಿನ ತೂಬಿನ ಕಡೆ ಹೊರಟಳು. ಕೆಲವೇ ದಿನಗಳಲ್ಲಿ ಅವಳ ಪೈರಿನ ತುದಿಯೂ ಎಲ್ಲರದರಂತೆ ಹಳದಿಯಾಯಿತು. ಅದನ್ನು ನೋಡಿ ಊರು ನೆಮ್ಮದಿಯಿಂದ ನಿದ್ದೆ ಮಾಡಿತು.